ಕಾದಂಬರಿ ಪುಸ್ತಕವಾಗುವ ಮೊದಲು: ದೊಡ್ಡ ಪ್ರಕಾಶನ ಸಂಸ್ಥೆಗಳ ವಿಲೀನ ಗಂಭೀರ ಸಾಹಿತ್ಯವನ್ನು ರೂಪಿಸುವ ಬಗೆ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದಾಗ, ನಮ್ಮ ಮಾತೆಲ್ಲ ಲೇಖಕಿ, ಅನುವಾದಕಿ ಮತ್ತು ಆ ಕಥೆಗಳ ಸುತ್ತಲೇ ಇತ್ತು. ಅದು ಸಹಜ. ಪುಸ್ತಕವನ್ನು ಹೊರತಂದವರು ಯಾರು ಎಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಬ್ರಿಟನ್ನಿನಲ್ಲಿ ಅದನ್ನು ಪ್ರಕಟಿಸಿದ್ದು ಶೆಫೀಲ್ಡ್ ನಗರದ ‘ಆಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಸ್ವತಂತ್ರ ಪ್ರಕಾಶನ; ಭಾರತದಲ್ಲಿ ಅದೇ ಪುಸ್ತಕವನ್ನು ಪ್ರಕಟಿಸಿದ್ದು ಜಾಗತಿಕ ದೈತ್ಯ ಪೆಂಗ್ವಿನ್ ರ‍್ಯಾಂಡಮ್ ಹೌಸ್‌ನ ಭಾರತೀಯ ಶಾಖೆ. ಆ ವರ್ಷ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಆರು ಪುಸ್ತಕಗಳನ್ನೂ ಬ್ರಿಟನ್ನಿನಲ್ಲಿ ಪ್ರಕಟಿಸಿದವರು ಸ್ವತಂತ್ರ ಪ್ರಕಾಶಕರೇ. ದೊಡ್ಡ ಸಂಸ್ಥೆಗಳ ಒಂದು ಪುಸ್ತಕವೂ ಅಲ್ಲಿರಲಿಲ್ಲ.

ಹಣ, ಸಿಬ್ಬಂದಿ, ಗೋದಾಮು, ಅಂಗಡಿಗಳ ಸಂಪರ್ಕ ಎಲ್ಲವೂ ದೊಡ್ಡ ಸಂಸ್ಥೆಗಳ ಬಳಿಯೇ ಇರುವಾಗ, ಹೊಸ ಬಗೆಯ ಬರಹವನ್ನು ಹುಡುಕಿ ಮುದ್ರಿಸುವ ಕೆಲಸ ಸಣ್ಣವರ ಪಾಲಿಗೆ ಬಂದದ್ದು ಹೇಗೆ? ಇದನ್ನು ತಿಳಿಯಲು ಇಂಗ್ಲಿಷ್ ಪುಸ್ತಕೋದ್ಯಮದಲ್ಲಿ, ಅದರಲ್ಲೂ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ, ಕಳೆದ ಅರವತ್ತು ವರ್ಷಗಳಿಂದ ನಡೆಯುತ್ತಿರುವ ಒಂದು ಬದಲಾವಣೆಯನ್ನು ನೋಡಬೇಕು. ನೂರಾರು ಪ್ರಕಾಶಕರು ಕೈಬೆರಳೆಣಿಕೆಯ ಕಂಪನಿಗಳೊಳಗೆ ಸೇರಿಹೋದ ಕಥೆ ಅದು.

ಹೆಸರು ನೂರಾರು, ಒಡೆಯರು ಐವರು

ಪಠ್ಯಪುಸ್ತಕ, ಕಾನೂನು ಗ್ರಂಥ, ಸಂಶೋಧನಾ ಪತ್ರಿಕೆಗಳನ್ನು ಬಿಟ್ಟು, ಸಾಮಾನ್ಯ ಓದುಗರು ಅಂಗಡಿಯಲ್ಲಿ ಕೊಳ್ಳುವ ಕಾದಂಬರಿ, ಕಥೆ, ಜೀವನಚರಿತ್ರೆ, ಮಕ್ಕಳ ಪುಸ್ತಕ ಮುಂತಾದವುಗಳ ಪ್ರಕಟಣೆಯನ್ನು ಅಲ್ಲಿನ ಉದ್ಯಮ ‘ಟ್ರೇಡ್ ಪಬ್ಲಿಷಿಂಗ್’ ಎಂದು ಕರೆಯುತ್ತದೆ. ಈ ಕ್ಷೇತ್ರದ ಅತಿ ದೊಡ್ಡ ಸಂಸ್ಥೆಗಳಿಗೆ ‘ಬಿಗ್ ಫೈವ್’ ಎಂಬ ಹೆಸರಿದೆ. ಪೆಂಗ್ವಿನ್ ರ‍್ಯಾಂಡಮ್ ಹೌಸ್ ಜರ್ಮನಿಯ ಬರ್ಟಲ್ಸ್‌ಮನ್ ಕಂಪನಿಯದು. ಹಾರ್ಪರ್‌ಕಾಲಿನ್ಸ್ ಇರುವುದು ಪತ್ರಿಕೋದ್ಯಮದ ನ್ಯೂಸ್ ಕಾರ್ಪ್ ಕೈಯಲ್ಲಿ. ಹಾಶೆಟ್ ಫ್ರಾನ್ಸಿನ ಲಗಾರ್ಡೇರ್ ಸಮೂಹಕ್ಕೆ ಸೇರಿದ್ದರೆ, ಮ್ಯಾಕ್ಮಿಲನ್ ಜರ್ಮನಿಯದೇ ಇನ್ನೊಂದು ಸಂಸ್ಥೆಯಾದ ಹೋಲ್ಟ್ಸ್‌ಬ್ರಿಂಕ್‌ನದು. ಐದನೆಯದಾದ ಸೈಮನ್ ಅಂಡ್ ಶುಸ್ಟರ್ 2023ರಿಂದ ಕೆಕೆಆರ್ ಎಂಬ ಹೂಡಿಕೆ ಸಂಸ್ಥೆಯ ಸ್ವತ್ತು.

ಅಂಗಡಿಯ ಕಪಾಟಿನಲ್ಲಿ ಮಾತ್ರ ಈ ಐದು ಹೆಸರುಗಳಷ್ಟೇ ಕಾಣುವುದಿಲ್ಲ. ನಾಫ್, ಪ್ಯಾಂಥಿಯನ್, ಡಬಲ್‌ಡೇ, ವೈಕಿಂಗ್, ವಿಂಟೇಜ್, ಜೊನಾಥನ್ ಕೇಪ್, ಹ್ಯಾಮಿಶ್ ಹ್ಯಾಮಿಲ್ಟನ್ ಹೀಗೆ ಹತ್ತಾರು ಲಾಂಛನಗಳು ಪುಸ್ತಕದ ಬೆನ್ನಿನ ಮೇಲೆ ಕಾಣುತ್ತವೆ. ಈಗ ಹೆಸರಿಸಿದ ಏಳೂ ಸೇರುವುದು ಪೆಂಗ್ವಿನ್ ರ‍್ಯಾಂಡಮ್ ಹೌಸ್‌ಗೆ. ಹೀಗೆ ದೊಡ್ಡ ಸಂಸ್ಥೆಯೊಳಗೆ ತನ್ನದೇ ಹೆಸರು, ತನ್ನದೇ ಸಂಪಾದಕರನ್ನು ಇಟ್ಟುಕೊಂಡು ನಡೆಯುವ ಘಟಕವೇ ‘ಇಂಪ್ರಿಂಟ್’. ಇವುಗಳಲ್ಲಿ ಬಹುತೇಕ ಒಂದು ಕಾಲಕ್ಕೆ ಪ್ರತ್ಯೇಕ ಕಚೇರಿ, ಪ್ರತ್ಯೇಕ ಒಡೆಯರಿದ್ದ, ಒಬ್ಬರ ಲೇಖಕರ ಮೇಲೆ ಇನ್ನೊಬ್ಬರು ಕಣ್ಣಿಟ್ಟಿದ್ದ ಎದುರಾಳಿ ಸಂಸ್ಥೆಗಳು. ಇಂದು ಪೆಂಗ್ವಿನ್ ರ‍್ಯಾಂಡಮ್ ಹೌಸ್ ಒಂದರಲ್ಲೇ ಜಗತ್ತಿನಾದ್ಯಂತ ಮುನ್ನೂರರ ಆಸುಪಾಸಿನಲ್ಲಿ ಇಂಪ್ರಿಂಟ್‌ಗಳಿವೆ.

‘ಗಂಭೀರ ಸಾಹಿತ್ಯ’ ಎಂಬ ಮಾತನ್ನು ಈ ಲೇಖನದಲ್ಲಿ ಯಾವ ಅರ್ಥದಲ್ಲಿ ಬಳಸಿದ್ದೇನೆ ಎಂಬುದನ್ನೂ ಹೇಳಿಬಿಡಬೇಕು. ಪತ್ತೇದಾರಿ, ಪ್ರಣಯ, ಭಯಾನಕ ಕಥೆಗಳಂತೆ ಓದುಗ ಏನನ್ನು ನಿರೀಕ್ಷಿಸಬಹುದೆಂದು ಮೊದಲೇ ತಿಳಿದಿರುವ ಪ್ರಕಾರಗಳಿಗೆ ಸೇರದ, ಭಾಷೆ, ಪಾತ್ರ, ರಚನೆಗಳ ಮೇಲೆ ಹೆಚ್ಚು ಒತ್ತು ಕೊಡುವ ಕಥನವನ್ನು ಅಲ್ಲಿನ ಉದ್ಯಮ ಒಂದು ಬೇರೆಯ ವಿಭಾಗವಾಗಿಯೇ ಮಾರುತ್ತದೆ. ಅಂಥ ಬರಹವೇ ಇಲ್ಲಿನ ವಿಷಯ. ಜನಪ್ರಿಯ ಪ್ರಕಾರಗಳು ಕೀಳು ಎಂಬ ಅರ್ಥ ಇದಕ್ಕಿಲ್ಲ.

ಒಂದು ಸಂಸ್ಥೆಯನ್ನು ಹಿಂಬಾಲಿಸಿದರೆ

ಎಲ್ಲ ವಿಲೀನಗಳ ಪಟ್ಟಿ ಕೊಟ್ಟರೆ ಓದುಗರ ತಲೆ ತಿರುಗೀತು. ರ‍್ಯಾಂಡಮ್ ಹೌಸ್ ಒಂದನ್ನೇ ಹಿಂಬಾಲಿಸಿದರೂ ಇಡೀ ಕಾಲದ ನಡಿಗೆ ತಿಳಿಯುತ್ತದೆ. ಬೆನೆಟ್ ಸರ್ಫ್ ಮತ್ತು ಡೊನಾಲ್ಡ್ ಕ್ಲಾಪ್ಫರ್ ಎಂಬ ಇಬ್ಬರು ಗೆಳೆಯರು 1927ರಲ್ಲಿ ನ್ಯೂಯಾರ್ಕ್‌ನಲ್ಲಿ ಕಟ್ಟಿದ ಸಂಸ್ಥೆ ಅದು. 1959ರಲ್ಲಿ ಷೇರು ಮಾರುಕಟ್ಟೆಗೆ ಇಳಿಯಿತು. ಷೇರುದಾರರು ಬಂದಮೇಲೆ ಬೆಳವಣಿಗೆ ತೋರಿಸಲೇಬೇಕಾಯಿತು. ಮರುವರ್ಷವೇ ಆಲ್ಫ್ರೆಡ್ ನಾಫ್ ಸಂಸ್ಥೆಯನ್ನೂ 1961ರಲ್ಲಿ ಪ್ಯಾಂಥಿಯನ್ ಅನ್ನೂ ಕೊಂಡಿತು. 1960ರ ದಶಕದ ನಡುವಿನಲ್ಲಿ ರೇಡಿಯೊ, ಟೆಲಿವಿಷನ್‌ಗಳ ಆರ್‌ಸಿಎ ಕಂಪನಿ ರ‍್ಯಾಂಡಮ್ ಹೌಸ್ ಅನ್ನೇ ಖರೀದಿಸಿತು. ಶಿಕ್ಷಣಕ್ಕೆ ಯಂತ್ರಗಳು ಬರಲಿವೆ, ಆ ಯಂತ್ರಗಳಿಗೆ ತುಂಬಲು ಪುಸ್ತಕ ಬೇಕಾಗುತ್ತದೆ ಎಂಬ ನಂಬಿಕೆ ಆಗಿನ ಎಲೆಕ್ಟ್ರಾನಿಕ್ಸ್ ಕಂಪನಿಗಳಲ್ಲಿ ಬಲವಾಗಿತ್ತು. ಆ ನಿರೀಕ್ಷೆ ಕೈಗೂಡಲಿಲ್ಲ. 1980ರಲ್ಲಿ ಆರ್‌ಸಿಎ ತನ್ನ ಪುಸ್ತಕ ವ್ಯವಹಾರವನ್ನು ಪತ್ರಿಕೋದ್ಯಮಿ ನ್ಯೂಹೌಸ್ ಕುಟುಂಬಕ್ಕೆ ಮಾರಿತು. 1998ರಲ್ಲಿ ನ್ಯೂಹೌಸ್ ಅದನ್ನು ಬರ್ಟಲ್ಸ್‌ಮನ್‌ಗೆ ಮಾರಿತು. 1835ರಲ್ಲಿ ಧಾರ್ಮಿಕ ಪುಸ್ತಕಗಳ ಮುದ್ರಣದಿಂದ ಆರಂಭವಾಗಿದ್ದ ಬರ್ಟಲ್ಸ್‌ಮನ್ ಅಷ್ಟರಲ್ಲಾಗಲೇ ಡಬಲ್‌ಡೇಯನ್ನು ಕೊಂಡಿತ್ತು. 2013ರ ಜುಲೈ 1ರಂದು ರ‍್ಯಾಂಡಮ್ ಹೌಸ್ ಮತ್ತು ಪೆಂಗ್ವಿನ್ ಒಂದಾದವು. ಆರಂಭದಲ್ಲಿ ಬರ್ಟಲ್ಸ್‌ಮನ್ ಪಾಲು ಶೇ 53, ಪೆಂಗ್ವಿನ್‌ನ ಒಡೆಯ ಪಿಯರ್ಸನ್ ಪಾಲು ಶೇ 47; 2020ರ ಹೊತ್ತಿಗೆ ಪೂರ್ತಿ ಬರ್ಟಲ್ಸ್‌ಮನ್‌ನದಾಯಿತು.

ವಿಲೀನವಾಗುವವರು ಪ್ರತಿ ಸಲವೂ ಕೊಡುವ ಕಾರಣದಲ್ಲಿ ಹುರುಳಿಲ್ಲದೆ ಇಲ್ಲ. 1990ರ ದಶಕದಲ್ಲಿ ಅಮೆರಿಕದ ಪುಸ್ತಕ ಮಾರಾಟ ಬಾರ್ನ್ಸ್ ಅಂಡ್ ನೋಬಲ್, ಬಾರ್ಡರ್ಸ್‌ನಂಥ ದೊಡ್ಡ ಸರಣಿ ಅಂಗಡಿಗಳ ಕೈಗೆ ಹೋಯಿತು, ಅನಂತರ ಅಮೆಜಾನ್ ಬಂತು. ಬ್ರಿಟನ್ನಿನಲ್ಲಿ ಪುಸ್ತಕವನ್ನು ನಿಗದಿತ ಬೆಲೆಗೇ ಮಾರಬೇಕೆಂಬ 1900ರ ಒಪ್ಪಂದ 1990ರ ದಶಕದಲ್ಲಿ ಕುಸಿದು, 1997ರಲ್ಲಿ ಕಾನೂನುಬಾಹಿರವೆಂದು ತೀರ್ಮಾನವಾಯಿತು. ಸೂಪರ್‌ಮಾರ್ಕೆಟ್‌ಗಳು ಹೆಚ್ಚು ಓಡುವ ಪುಸ್ತಕಗಳನ್ನು ಭಾರಿ ರಿಯಾಯಿತಿಗೆ ಮಾರತೊಡಗಿದವು. ಕೊಳ್ಳುವ ಅಂಗಡಿ ಅಷ್ಟು ದೊಡ್ಡದಾದಾಗ, ಮಾರುವ ಪ್ರಕಾಶಕನೂ ಅದರೆದುರು ಚೌಕಾಸಿಗೆ ಕುಳಿತುಕೊಳ್ಳುವಷ್ಟು ದೊಡ್ಡವನಾಗಬೇಕು ಎಂಬ ವಾದಕ್ಕೆ ಬಲ ಬಂತು.

ಒಡೆತನ ಬದಲಾದಾಗ ಒಳಗೆ ಏನಾಗುತ್ತದೆ ಎಂಬುದಕ್ಕೆ ಪ್ಯಾಂಥಿಯನ್ ಪ್ರಸಂಗವನ್ನು ಇಂದಿಗೂ ಉದಾಹರಿಸುತ್ತಾರೆ. ಮೂರು ದಶಕಗಳ ಹತ್ತಿರ ಆ ಇಂಪ್ರಿಂಟನ್ನು ನಡೆಸಿದ್ದ ಆಂಡ್ರೆ ಶಿಫ್ರಿನ್, ಪುಸ್ತಕಗಳ ಸಂಖ್ಯೆ ಕಡಿತಗೊಳಿಸಬೇಕೆಂಬ ಒತ್ತಡದ ನಡುವೆ 1990ರಲ್ಲಿ ಹೊರನಡೆದರು. ಅವರೊಂದಿಗೆ ಹಲವು ಸಂಪಾದಕರೂ ರಾಜೀನಾಮೆ ಕೊಟ್ಟರು. ಶೇ 3–4ರಷ್ಟು ಲಾಭದಲ್ಲಿ ತೃಪ್ತಿಯಿಂದ ನಡೆಯುತ್ತಿದ್ದ ವೃತ್ತಿಯಿಂದ ಹೊಸ ಒಡೆಯರು ಶೇ 12–15ರಷ್ಟು ಬಯಸುತ್ತಾರೆ ಎಂಬುದು ಅವರು ಮುಂದೆ ಬರೆದ ಮಾತಿನ ತಿರುಳು. ಲಾಭೋದ್ದೇಶವಿಲ್ಲದ ‘ದಿ ನ್ಯೂ ಪ್ರೆಸ್’ ಅವರೇ ಕಟ್ಟಿದ ಸಂಸ್ಥೆ.

ಲೆಕ್ಕದ ಹಾಳೆ

ಒಡೆಯರು ಬದಲಾದ ಮಾತ್ರಕ್ಕೆ ಕಾದಂಬರಿ ಬದಲಾಗುವುದಿಲ್ಲ. ಯಾವ ಮೇಲಧಿಕಾರಿಯೂ ಲೇಖಕರ ಮೇಜಿನ ಬಳಿ ಬಂದು ಹೀಗೆ ಬರೆಯಿರಿ ಎಂದು ಹೇಳುವುದಿಲ್ಲ. ಬದಲಾಗುವುದು ಹಸ್ತಪ್ರತಿಗೆ ‘ಹೂಂ’ ಎನ್ನುವ ಕ್ರಮ, ಮತ್ತು ಆ ‘ಹೂಂ’ ಹೇಳುವ ಅಧಿಕಾರ ಇರುವವರ ಸಂಖ್ಯೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಅಮೆರಿಕ, ಬ್ರಿಟನ್ನಿನಲ್ಲಿ ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ಲೇಖಕರಿಂದ ನೇರವಾಗಿ ಹಸ್ತಪ್ರತಿ ತೆಗೆದುಕೊಳ್ಳುವುದಿಲ್ಲ. ಲೇಖಕರ ಪರವಾಗಿ ಸಾಹಿತ್ಯ ಏಜೆಂಟ್ ಅದನ್ನು ಸಂಪಾದಕರಿಗೆ ಕಳುಹಿಸುತ್ತಾರೆ. ಲೇಖಕರಿಗೆ ಬರುವ ಹಣದಲ್ಲಿ ಅವರ ಪಾಲು ಸಾಮಾನ್ಯವಾಗಿ ಶೇ 15. ಸಂಪಾದಕರಿಗೆ ಹಸ್ತಪ್ರತಿ ಹಿಡಿಸಿದರೆ ಅವರು ಅದನ್ನು ಖರೀದಿ ಸಭೆಗೆ ಒಯ್ಯಬೇಕು. ಆ ಸಭೆಯಲ್ಲಿ ಮಾರಾಟ, ಪ್ರಚಾರ, ಹಕ್ಕುಗಳ ವಿಭಾಗದವರೂ ಕುಳಿತಿರುತ್ತಾರೆ. ಸಂಪಾದಕರು ತಮ್ಮೊಂದಿಗೆ ಒಂದು ಲೆಕ್ಕದ ಹಾಳೆಯನ್ನು ತರುತ್ತಾರೆ. ಇನ್ನೂ ಪುಸ್ತಕವಾಗದ ಕಾದಂಬರಿ ಎಷ್ಟು ಪ್ರತಿ ಹೋಗಬಹುದು, ಎಷ್ಟು ಖರ್ಚಾಗಬಹುದು, ಎಷ್ಟು ಉಳಿಯಬಹುದು ಎಂಬ ಅಂದಾಜು ಅದು. ಉದ್ಯಮದವರ ಬಾಯಲ್ಲಿ ಅದು ‘ಪಿ ಅಂಡ್ ಎಲ್’, ಅಂದರೆ ಲಾಭ–ನಷ್ಟದ ಲೆಕ್ಕ.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ಹೊಸ ಲೇಖಕಿಯೊಬ್ಬರ ಕಾದಂಬರಿಗೆ 60,000 ಡಾಲರ್ ಮುಂಗಡ ಕೊಡಲು ಸಂಪಾದಕರು ಬಯಸುತ್ತಾರೆ. ಗಟ್ಟಿ ರಟ್ಟಿನ ಪುಸ್ತಕದ ಮುಖಬೆಲೆ 28 ಡಾಲರ್ ಎಂದುಕೊಳ್ಳಿ. ಅಂಗಡಿಯವರು ಹೆಚ್ಚುಕಡಿಮೆ ಅರ್ಧ ಬೆಲೆಗೆ ಪುಸ್ತಕ ಪಡೆಯುವುದರಿಂದ ಪ್ರಕಾಶಕರಿಗೆ ಪ್ರತಿಗೆ 14 ಡಾಲರ್ ಬರುತ್ತದೆ. ಅಮೆರಿಕದಲ್ಲಿ ಲೇಖಕರ ರಾಯಲ್ಟಿ ರೂಢಿಯಂತೆ ಮೊದಲ 5,000 ಪ್ರತಿಗಳಿಗೆ ಮುಖಬೆಲೆಯ ಶೇ 10, ಮುಂದಿನ 5,000ಕ್ಕೆ ಶೇ 12.5, ಅನಂತರ ಶೇ 15. ಮುಂಗಡ ಎಂದರೆ ಈ ರಾಯಲ್ಟಿಯನ್ನೇ ಮೊದಲೇ ಕೊಡುವುದು. ರಾಯಲ್ಟಿಯ ಮೊತ್ತ ಮುಂಗಡವನ್ನು ದಾಟುವ ತನಕ ಲೇಖಕಿಗೆ ಬೇರೆ ಹಣ ಬರುವುದಿಲ್ಲ. ಮೊದಲ 5,000 ಪ್ರತಿಗಳಿಂದ 14,000 ಡಾಲರ್, ಮುಂದಿನ 5,000 ಪ್ರತಿಗಳಿಂದ 17,500 ಡಾಲರ್. ಉಳಿದ 28,500 ಡಾಲರ್ ತೀರಲು ಇನ್ನೂ 6,786 ಪ್ರತಿ ಹೋಗಬೇಕು. ಒಟ್ಟು 16,800 ಪ್ರತಿಗಳ ಹತ್ತಿರ. ಗಂಭೀರ ಕಾದಂಬರಿಯ ಗಟ್ಟಿ ರಟ್ಟಿನ ಆವೃತ್ತಿಗೆ ಇದು ದೊಡ್ಡ ಸಂಖ್ಯೆ.

ಮುಂಗಡ ತೀರದಿದ್ದರೆ ಪ್ರಕಾಶಕರಿಗೆ ನಷ್ಟ ಎಂಬ ತಿಳಿವಳಿಕೆ ಮಾತ್ರ ಸರಿಯಲ್ಲ. ಇದೇ ಪುಸ್ತಕ 10,000 ಪ್ರತಿ ಹೋಗಿದ್ದರೆ ಪ್ರಕಾಶಕರಿಗೆ ಬಂದದ್ದು 1.4 ಲಕ್ಷ ಡಾಲರ್. ಮುಂಗಡದ 60,000 ಕಳೆದು, ಪ್ರತಿಗೆ 3 ಡಾಲರ್‌ನಂತೆ ಮುದ್ರಣಕ್ಕೆ 30,000 ಕಳೆದರೂ 50,000 ಡಾಲರ್ ಉಳಿಯುತ್ತದೆ. ಸಂಪಾದನೆ, ಮುಖಪುಟ, ಪ್ರಚಾರ, ಸಾಗಣೆಯ ಖರ್ಚು ಅದರಿಂದ ಹೊರಟೀತು. ಆದರೆ ದೊಡ್ಡ ಸಂಸ್ಥೆಯ ಹಾಳೆಯಲ್ಲಿ ಇನ್ನೊಂದು ಸಾಲು ಇರುತ್ತದೆ. ಮ್ಯಾನ್‌ಹಟನ್ನಿನ ಕಚೇರಿಯ ಬಾಡಿಗೆ, ಆಡಳಿತ, ಕಂಪ್ಯೂಟರ್ ವ್ಯವಸ್ಥೆ, ಮಾತೃಸಂಸ್ಥೆ ನಿರೀಕ್ಷಿಸುವ ಲಾಭ ಇವೆಲ್ಲದರ ಪಾಲನ್ನು ಪ್ರತಿ ಪುಸ್ತಕದ ಮೇಲೂ ಹಾಕಲಾಗುತ್ತದೆ. ಸಣ್ಣ ಪ್ರಕಾಶನದಲ್ಲಿ ಗೆದ್ದ ಪುಸ್ತಕ ಎನಿಸಿಕೊಳ್ಳುವ ಕಾದಂಬರಿ ಇಲ್ಲಿ ಆ ಒಂದು ಸಾಲಿನಿಂದಾಗಿ ಸೋತ ಪುಸ್ತಕವಾಗಬಲ್ಲದು. ಐದೋ ಎಂಟೋ ಸಾವಿರ ಪ್ರತಿ ಹೋಗುವ, ಕೆಟ್ಟ ಪುಸ್ತಕವೂ ಅಲ್ಲದ, ಭಾರಿ ಯಶಸ್ಸೂ ಅಲ್ಲದ ಕಾದಂಬರಿಗಳಿಗೆ ಉದ್ಯಮ ‘ಮಿಡ್‌ಲಿಸ್ಟ್’ ಎನ್ನುತ್ತದೆ. ವಿಲೀನದ ಬಿಸಿ ಮೊದಲು ತಟ್ಟುವುದು ಇವುಗಳಿಗೆ.

ತೆರಿಗೆಯ ಕಾನೂನೂ ಇದೇ ದಿಕ್ಕಿನಲ್ಲಿ ತಳ್ಳಿತು ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1979ರಲ್ಲಿ ಥಾರ್ ಪವರ್ ಟೂಲ್ ಎಂಬ ಉಪಕರಣ ತಯಾರಕರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಾರಾಟವಾಗದೆ ಉಳಿದ ಸರಕಿನ ಬೆಲೆಯನ್ನು ಲೆಕ್ಕದಲ್ಲಿ ಮಾತ್ರ ಇಳಿಸಿ ತೆರಿಗೆ ಉಳಿಸುವಂತಿಲ್ಲ ಎಂದಿತು. ಪ್ರಕರಣ ಬಿಡಿಭಾಗಗಳದಾದರೂ ನಿಯಮ ಪುಸ್ತಕಕ್ಕೂ ಅನ್ವಯವಾಯಿತು. ವರ್ಷಕ್ಕೆ ಕೆಲವೇ ನೂರು ಪ್ರತಿ ಹೋಗುವ ಹಳೆಯ ಕಾದಂಬರಿಯನ್ನು ಗೋದಾಮಿನಲ್ಲಿಟ್ಟು ಕಾಯುವುದು ದುಬಾರಿಯಾಯಿತು. ಉಳಿದ ಪ್ರತಿಗಳನ್ನು ಬೇಗ ಅಗ್ಗಕ್ಕೆ ಮಾರುವ ಅಥವಾ ರದ್ದಿಗೆ ಹಾಕುವ ಪ್ರವೃತ್ತಿ ಹೆಚ್ಚಿತು.

ಹಿಂದಿನ ಪುಸ್ತಕ ಎಷ್ಟು ಹೋಯಿತು?

ಲೆಕ್ಕದ ಹಾಳೆಯಲ್ಲಿ ಎಷ್ಟು ಪ್ರತಿ ಎಂಬ ಅಂದಾಜು ಎಲ್ಲಿಂದ ಬರುತ್ತದೆ? ಎರಡು ಕಡೆಯಿಂದ. ಮೊದಲನೆಯದು ಹೋಲಿಕೆಯ ಪುಸ್ತಕಗಳು. ಇವನ್ನು ‘ಕಾಂಪ್ ಟೈಟಲ್’ ಎನ್ನುತ್ತಾರೆ. ಈ ಹಸ್ತಪ್ರತಿ ಇತ್ತೀಚಿನ ಯಾವ ಯಶಸ್ವಿ ಪುಸ್ತಕಗಳಂತಿದೆ ಎಂದು ಸಂಪಾದಕರು ತೋರಿಸಿದರೆ, ಅವುಗಳ ಮಾರಾಟದ ಮೇಲೆ ಇದರ ಮಾರಾಟವನ್ನು ಊಹಿಸಬಹುದು. ಯಾವ ಪುಸ್ತಕದಂತೆಯೂ ಇಲ್ಲದ ಹಸ್ತಪ್ರತಿಗೆ ಇಲ್ಲಿಯೇ ತೊಡಕು. ಸಾಹಿತ್ಯದಲ್ಲಿ ಹೊಸತು ಎಂದು ನಾವು ಮೆಚ್ಚುವ ಗುಣವೇ ಈ ಸಭೆಯಲ್ಲಿ ಹಾಳೆಯ ಒಂದು ಖಾಲಿ ಜಾಗವಾಗಿ ಉಳಿಯುತ್ತದೆ. ಹಿಂದೆ ಪ್ರಕಟವಾದವರನ್ನೇ ಹೋಲುವವರಿಗೆ ದಾರಿ ಸಲೀಸಾಗುವುದರಿಂದ, ಹಿಂದೆ ಹೊರಗುಳಿದ ಸಮುದಾಯಗಳ ಬರಹಗಾರರಿಗೆ ಹೋಲಿಕೆಗೇ ಪುಸ್ತಕ ಸಿಗದ ಸ್ಥಿತಿಯೂ ಇದರಿಂದಲೇ ಹುಟ್ಟುತ್ತದೆ.

ಎರಡನೆಯದು ಲೇಖಕರ ಹಿಂದಿನ ಮಾರಾಟ. ಒಂದು ಕಾಲದಲ್ಲಿ ಈ ಸಂಖ್ಯೆ ಪ್ರಕಾಶಕರಿಗೆ ಮತ್ತು ಲೇಖಕರಿಗೆ ಮಾತ್ರ ತಿಳಿದಿರುತ್ತಿತ್ತು. ಅಂಗಡಿಗಳ ಬಿಲ್ಲಿಂಗ್ ಯಂತ್ರಗಳಿಂದಲೇ ಮಾರಾಟವನ್ನು ಎಣಿಸುವ ಬುಕ್‌ಸ್ಕ್ಯಾನ್ ಸೇವೆ 2001ರಲ್ಲಿ ಅಮೆರಿಕಕ್ಕೆ ಬಂದಮೇಲೆ, ಚಂದಾ ಕಟ್ಟಿದ ಯಾವ ಪ್ರಕಾಶಕರಾದರೂ ಯಾವ ಲೇಖಕರ ಸಂಖ್ಯೆಯನ್ನಾದರೂ ನೋಡಬಹುದಾಯಿತು. ಇದರ ಪರಿಣಾಮ ವಿಚಿತ್ರ. ಏನೂ ಪ್ರಕಟಿಸದ ಹೊಸಬರಿಗೆ ಕೆಟ್ಟ ಸಂಖ್ಯೆ ಇಲ್ಲ, ಆದ್ದರಿಂದ ಅವರ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳಬಹುದು. ಮೊದಲ ಕಾದಂಬರಿಗೆ ದೊಡ್ಡ ಮುಂಗಡ ಪಡೆದು ಮೂರು ಸಾವಿರ ಪ್ರತಿ ಮಾರಿದವರಿಗೆ ಎರಡನೆಯ ಕಾದಂಬರಿ ಅದಕ್ಕಿಂತ ಚೆನ್ನಾಗಿದ್ದರೂ ಬಾಗಿಲು ಕಿರಿದಾಗುತ್ತದೆ. ಮೊದಲು ಇಪ್ಪತ್ತು ಪ್ರತ್ಯೇಕ ಸಂಸ್ಥೆಗಳಿದ್ದ ಕಡೆ ಐದು ಸಂಸ್ಥೆಗಳಿರುವಾಗ, ಅವೆಲ್ಲವೂ ಒಂದೇ ಸಂಖ್ಯೆಯನ್ನು ನೋಡುವಾಗ, ಬೇರೆಯವರಾದರೂ ನಂಬಿಯಾರು ಎಂಬ ಅವಕಾಶ ಕುಗ್ಗುತ್ತದೆ.

ಹೋಲಿಸಿ ನೋಡಲು ಅಮೆರಿಕದ ಕಾದಂಬರಿಕಾರ ಕಾರ್ಮಕ್ ಮೆಕಾರ್ಥಿ ಅವರ ಉದಾಹರಣೆ ಇದೆ. ಅವರ ಮೊದಲ ಕಾದಂಬರಿ 1965ರಲ್ಲಿ ರ‍್ಯಾಂಡಮ್ ಹೌಸ್‌ನಿಂದ ಬಂತು, ಐದನೆಯದು 1985ರಲ್ಲಿ ಅಲ್ಲಿಂದಲೇ ಬಂತು. ಆಲ್ಬರ್ಟ್ ಎರ್ಸ್‌ಕಿನ್ ಅವರ ಸಂಪಾದಕರು. ಈ ಇಪ್ಪತ್ತು ವರ್ಷಗಳಲ್ಲಿ ಅವರ ಒಂದು ಕಾದಂಬರಿಯೂ ಗಟ್ಟಿ ರಟ್ಟಿನಲ್ಲಿ 5,000 ಪ್ರತಿ ದಾಟಲಿಲ್ಲ. ಆರನೆಯದು 1992ರಲ್ಲಿ ನಾಫ್‌ನಿಂದ ಪ್ರಕಟವಾಗಿ ನ್ಯಾಷನಲ್ ಬುಕ್ ಅವಾರ್ಡ್ ಪಡೆದಾಗ ಅವರಿಗೆ ಐವತ್ತೊಂಬತ್ತು ವರ್ಷ ತುಂಬಿತ್ತು.

ಈ ಉದಾಹರಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಮರೆಮಾಚಿದರೆ ಪ್ರಾಮಾಣಿಕವಾಗದು. ಆ ಇಪ್ಪತ್ತು ವರ್ಷಗಳ ಬಹುಪಾಲು ರ‍್ಯಾಂಡಮ್ ಹೌಸ್ ಇದ್ದದ್ದು ಆರ್‌ಸಿಎ ಕೈಯಲ್ಲಿ, ಅನಂತರ ನ್ಯೂಹೌಸ್ ಕೈಯಲ್ಲಿ. ಟೋನಿ ಮಾರಿಸನ್ 1983ರವರೆಗೆ ಅದೇ ಸಂಸ್ಥೆಯಲ್ಲಿ ಸಂಪಾದಕಿಯಾಗಿದ್ದು ಗೇಲ್ ಜೋನ್ಸ್, ಟೋನಿ ಕೇಡ್ ಬಂಬಾರಾ ಮುಂತಾದ ಕಪ್ಪು ಲೇಖಕಿಯರನ್ನು ಓದುಗರ ಮುಂದೆ ತಂದರು. ಅಂದರೆ ಕಂಪನಿಯ ಒಡೆತನವೊಂದೇ ಸಾಹಿತ್ಯಕ್ಕೆ ಕೇಡು ತರುವುದಿಲ್ಲ. ತಾನು ನಂಬಿದ ಲೇಖಕರನ್ನು ಮಾರಾಟದ ಸಂಖ್ಯೆಗೆ ವಿರುದ್ಧವಾಗಿ ಉಳಿಸಿಕೊಳ್ಳುವ ಅಧಿಕಾರ ಸಂಪಾದಕರ ಬಳಿ ಇದ್ದಷ್ಟು ಕಾಲ ಒಡೆಯರು ಯಾರೆಂಬುದು ಅಷ್ಟು ಮುಖ್ಯವಾಗಲಿಲ್ಲ. ಆ ಅಧಿಕಾರ ಸಭೆಗೆ, ಸಭೆಯಿಂದ ಹಾಳೆಗೆ ಹೋದದ್ದು ನಿಜವಾದ ತಿರುವು ಎಂಬುದು ನನ್ನ ತಿಳಿವಳಿಕೆ.

ಬರಹದ ಒಳಗೆ

ಪುಸ್ತಕಗಳ ಆಯ್ಕೆ ಬದಲಾದರೆ ಕಾಲಕ್ರಮದಲ್ಲಿ ಬರಹವೂ ಬದಲಾಗುತ್ತದೆಯೇ? ಎಮೊರಿ ವಿಶ್ವವಿದ್ಯಾಲಯದ ಡ್ಯಾನ್ ಸಿನಿಕಿನ್ ಅವರಂಥ ವಿದ್ವಾಂಸರು ಹೌದೆನ್ನುತ್ತಾರೆ. ಪುಸ್ತಕವೆಂದರೆ ಲೇಖಕರೊಬ್ಬರ ಕೃತಿ ಎಂದು ನಾವು ಭಾವಿಸಿದರೂ, ಏಜೆಂಟ್, ಸಂಪಾದಕ, ಮಾರಾಟಗಾರ, ಅಂಗಡಿಯ ಖರೀದಿದಾರ ಇವರೆಲ್ಲರ ನಿರೀಕ್ಷೆಗಳು ಅದರೊಳಗೆ ಸೇರಿರುತ್ತವೆ ಎಂಬುದು ಅವರ ವಾದ.

ಕಣ್ಣಿಗೆ ಬೀಳುವ ಗುರುತುಗಳಲ್ಲಿ ಪ್ರಕಾರಗಳ ಬೆರಕೆ ಮುಖ್ಯವಾದದ್ದು. ಗಂಭೀರ ಕಾದಂಬರಿಕಾರರು ಪತ್ತೇದಾರಿಕೆ, ವೈಜ್ಞಾನಿಕ ಕಲ್ಪನೆ, ಪ್ರಳಯೋತ್ತರ ಜಗತ್ತು, ಐತಿಹಾಸಿಕ ಕಥನಗಳ ಚೌಕಟ್ಟನ್ನು ಎತ್ತಿಕೊಂಡು ತಮ್ಮ ಬರಹವನ್ನು ಅದರಲ್ಲಿ ಕೂರಿಸುವುದು ಕಳೆದ ಕೆಲವು ದಶಕಗಳಲ್ಲಿ ಸಾಮಾನ್ಯವಾಗಿದೆ. ಮಾರುವವರಿಗೆ ಇದು ಅನುಕೂಲ, ಏಕೆಂದರೆ ಒಂದು ವಾಕ್ಯದಲ್ಲಿ ಹೇಳಬಹುದಾದ ಕಥೆ ಸಂಪಾದಕರಿಂದ ಮಾರಾಟ ಪ್ರತಿನಿಧಿಗೆ, ಅವರಿಂದ ಅಂಗಡಿಗೆ ಸುಲಭವಾಗಿ ದಾಟುತ್ತದೆ. ಹೀಗೆ ಹುಟ್ಟಿದ ಕಾದಂಬರಿಗಳಲ್ಲಿ ಅತ್ಯುತ್ತಮವಾದವೂ ಇವೆ. ಇಕ್ಕಟ್ಟಿನಲ್ಲಿಯೂ ಸಮರ್ಥ ಲೇಖಕರು ಹೊಸದನ್ನು ಮಾಡಿದ್ದಾರೆ. ಕಳೆದುಹೋದದ್ದನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಕಥಾಸಂಕಲನ, ಕಿರುಕಾದಂಬರಿ, ಅನುವಾದ, ವಾಕ್ಯರಚನೆಯನ್ನೇ ಮುರಿದು ಕಟ್ಟುವ ಪ್ರಯೋಗ ಇವುಗಳಿಗೆ ದೊಡ್ಡ ಪಟ್ಟಿಗಳಲ್ಲಿ ಜಾಗ ಕಡಿಮೆ. ಐರಿಷ್ ಲೇಖಕಿ ಏಮರ್ ಮೆಕ್‌ಬ್ರೈಡ್ ಅವರ ಮೊದಲ ಕಾದಂಬರಿ ಒಂಬತ್ತು ವರ್ಷ ಪ್ರಕಾಶಕರಿಲ್ಲದೆ ಅಲೆದು, 2013ರಲ್ಲಿ ನಾರ್ವಿಚ್‌ನ ಗ್ಯಾಲಿ ಬೆಗರ್ ಪ್ರೆಸ್ ಎಂಬ ಪುಟ್ಟ ಪ್ರಕಾಶನದಿಂದ ಬಂತು. ಮರುವರ್ಷ ಬ್ರಿಟನ್ನಿನ ಮಹಿಳಾ ಕಾದಂಬರಿ ಪ್ರಶಸ್ತಿ ಪಡೆಯಿತು. ಅಷ್ಟು ವರ್ಷ ಕಾಯದೆ ಕೈಬಿಟ್ಟ ಲೇಖಕರ ಹಸ್ತಪ್ರತಿಗಳ ಪಟ್ಟಿಯನ್ನು ಯಾರೂ ಇಟ್ಟಿಲ್ಲ.

2022ರ ಮೊಕದ್ದಮೆ

2020ರ ನವೆಂಬರ್‌ನಲ್ಲಿ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಸೈಮನ್ ಅಂಡ್ ಶುಸ್ಟರ್ ಅನ್ನು 217.5 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಐದು ನಾಲ್ಕಾಗುವುದರಲ್ಲಿತ್ತು. 2021ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನು ತಡೆಯಲು ಮೊಕದ್ದಮೆ ಹೂಡಿತು.

ಸರ್ಕಾರ ಆರಿಸಿಕೊಂಡ ವಾದ ಗಮನಿಸುವಂಥದ್ದು. ವಿಲೀನದ ಮೊಕದ್ದಮೆಗಳಲ್ಲಿ ಸಾಮಾನ್ಯವಾಗಿ ಕೇಳುವುದು ಗ್ರಾಹಕರಿಗೆ ಬೆಲೆ ಏರುತ್ತದೆಯೇ ಎಂದು. ಇಲ್ಲಿ ಸರ್ಕಾರ ಕೇಳಿದ್ದು ಲೇಖಕರಿಗೆ ಸಿಗುವ ಹಣ ಇಳಿಯುತ್ತದೆಯೇ ಎಂದು. ಬೆಳೆ ತಂದ ರೈತನ ಸುತ್ತ ಹತ್ತು ವ್ಯಾಪಾರಿಗಳು ನಿಂತು ಕೂಗಿದರೆ ಬರುವ ಬೆಲೆ ಬೇರೆ, ಇಬ್ಬರೇ ನಿಂತರೆ ಬರುವ ಬೆಲೆ ಬೇರೆ. ಕೊಳ್ಳುವವರು ಕಡಿಮೆಯಾದಷ್ಟೂ ಮಾರುವವನ ಕೈ ಸೋಲುತ್ತದೆ. ಕೊಳ್ಳುವವರ ಈ ಏಕಸ್ವಾಮ್ಯವೇ ಮೊಕದ್ದಮೆಯ ಆಧಾರ. 2.5 ಲಕ್ಷ ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಮುಂಗಡ ಪಡೆಯುವ ಪುಸ್ತಕಗಳನ್ನು ಒಂದು ಪ್ರತ್ಯೇಕ ಮಾರುಕಟ್ಟೆಯಾಗಿ ಸರ್ಕಾರ ಮುಂದಿಟ್ಟಿತು. ಆ ಮಾರುಕಟ್ಟೆಯ ಶೇ 91ರಷ್ಟು ಐದು ಸಂಸ್ಥೆಗಳ ಕೈಯಲ್ಲಿತ್ತು; ವಿಲೀನವಾದರೆ ಹೊಸ ಸಂಸ್ಥೆಯೊಂದರ ಪಾಲೇ ಶೇ 49 ಆಗುತ್ತಿತ್ತು.

2022ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ವಿಚಾರಣೆ ನಡೆಯಿತು. ಸೈಮನ್ ಅಂಡ್ ಶುಸ್ಟರ್‌ನ ಲೇಖಕರೇ ಆದ ಸ್ಟೀಫನ್ ಕಿಂಗ್ ಸರ್ಕಾರದ ಪರವಾಗಿ ಸಾಕ್ಷಿ ಹೇಳಿದರು. ವಿಲೀನದ ನಂತರವೂ ಎರಡೂ ಕಡೆಯ ಇಂಪ್ರಿಂಟ್‌ಗಳು ಒಂದರ ಮೇಲೊಂದು ಹರಾಜು ಕೂಗಬಹುದು ಎಂದು ಕಂಪನಿ ಭರವಸೆ ಕೊಟ್ಟಿತ್ತು. ಒಂದೇ ಜೇಬಿನಿಂದ ಹಣ ಕೊಡುವವರು ತಮ್ಮತಮ್ಮಲ್ಲೇ ಬೆಲೆ ಏರಿಸಿಕೊಳ್ಳುವ ಆ ಭರವಸೆಯನ್ನು ನ್ಯಾಯಾಧೀಶೆ ಫ್ಲಾರೆನ್ಸ್ ಪ್ಯಾನ್ ಒಪ್ಪಲಿಲ್ಲ. ಅಕ್ಟೋಬರ್ 31ರಂದು ಅವರು ವಿಲೀನವನ್ನು ತಡೆದರು. ಒಪ್ಪಂದ ಮುರಿದುಬಿದ್ದದ್ದಕ್ಕೆ ಪೆಂಗ್ವಿನ್ ರ‍್ಯಾಂಡಮ್ ಹೌಸ್ 20 ಕೋಟಿ ಡಾಲರ್ ತೆರಬೇಕಾಯಿತು. ಮರುವರ್ಷ ಕೆಕೆಆರ್ 162 ಕೋಟಿ ಡಾಲರ್‌ಗೆ ಸೈಮನ್ ಅಂಡ್ ಶುಸ್ಟರ್ ಅನ್ನು ಕೊಂಡಿತು.

ಸಾಹಿತ್ಯದ ದೃಷ್ಟಿಯಿಂದ ಈ ತೀರ್ಪಿಗೆ ಒಂದು ಮಿತಿ ಇದೆ. 2.5 ಲಕ್ಷ ಡಾಲರ್ ದಾಟುವ ಪುಸ್ತಕಗಳು ಖರೀದಿಯಾಗುವ ಒಟ್ಟು ಪುಸ್ತಕಗಳಲ್ಲಿ ಶೇ 2ರಷ್ಟು. ಕೊಡುವ ಮುಂಗಡದಲ್ಲಿ ಮಾತ್ರ ಶೇ 70ರಷ್ಟು ಅವುಗಳದೇ. ಲಾಭದ ಬಹುಪಾಲು ಶೇ 5ಕ್ಕಿಂತ ಕಡಿಮೆ ಪುಸ್ತಕಗಳಿಂದ ಬರುತ್ತದೆ ಎಂಬುದೂ ವಿಚಾರಣೆಯಲ್ಲಿ ಹೊರಬಂತು. ಬಹುತೇಕ ಗಂಭೀರ ಕಾದಂಬರಿಗಳು ಇರುವುದು ಉಳಿದ ಶೇ 98ರಲ್ಲಿ. ಅವುಗಳ ಗತಿ ಏನೆಂಬುದು ಆ ನ್ಯಾಯಾಲಯದ ಮುಂದಿದ್ದ ಪ್ರಶ್ನೆಯೇ ಆಗಿರಲಿಲ್ಲ.

ಸಣ್ಣವರು ಹೊರುತ್ತಿರುವ ಭಾರ

ಆ ಉಳಿದ ಪುಸ್ತಕಗಳ ದೊಡ್ಡ ಪಾಲನ್ನು ಈಗ ಸ್ವತಂತ್ರ ಪ್ರಕಾಶಕರು ಹೊರುತ್ತಿದ್ದಾರೆ. ಲಂಡನ್ನಿನ ಫಿಟ್ಸ್‌ಕರಾಲ್ಡೊ ಎಡಿಷನ್ಸ್ ಆರಂಭವಾದದ್ದು 2014ರಲ್ಲಿ. ಸ್ವೆಟ್ಲಾನಾ ಅಲೆಕ್ಸಿಯೆವಿಚ್, ಓಲ್ಗಾ ತೊಕಾರ್ಚುಕ್, ಆನಿ ಎರ್ನೊ, ಯೋನ್ ಫೊಸ್ಸೆ ಹೀಗೆ ಹತ್ತು ವರ್ಷಗಳೊಳಗೆ ನೊಬೆಲ್ ಪಡೆದ ನಾಲ್ವರು ಅದರ ಪಟ್ಟಿಯಲ್ಲಿದ್ದಾರೆ. ಅಮೆರಿಕದಲ್ಲಿ ಗ್ರೇವುಲ್ಫ್, ಕಾಫಿ ಹೌಸ್, ಮಿಲ್ಕ್‌ವೀಡ್ ಎಂಬ ಮೂರು ಮುಖ್ಯ ಸಂಸ್ಥೆಗಳೂ ನ್ಯೂಯಾರ್ಕ್‌ನಿಂದ ದೂರದ ಮಿನಿಯಾಪೊಲಿಸ್‌ನಲ್ಲಿವೆ. ಇವು ಲಾಭೋದ್ದೇಶವಿಲ್ಲದ ಸಂಸ್ಥೆಗಳು. ಮಾರಾಟದ ಜೊತೆಗೆ ದಾನ ಮತ್ತು ಅನುದಾನದಿಂದ ನಡೆಯುವುದರಿಂದ, ಮೂರು ಸಾವಿರ ಪ್ರತಿ ಹೋಗುವ ಪುಸ್ತಕವನ್ನು ಇವು ಒಪ್ಪಿಕೊಳ್ಳಬಲ್ಲವು. ಆಂಡ್ ಅದರ್ ಸ್ಟೋರೀಸ್ ಓದುಗರಿಂದ ಮೊದಲೇ ಚಂದಾ ಪಡೆದು, ಆ ಹಣದ ಆಧಾರದ ಮೇಲೆ ಪುಸ್ತಕ ತರುವ ಕ್ರಮವನ್ನು ರೂಢಿಸಿಕೊಂಡಿದೆ.

ಇದರಿಂದ ಉದ್ಯಮದಲ್ಲಿ ಅಲಿಖಿತವಾದ ಒಂದು ಕೆಲಸದ ಹಂಚಿಕೆ ಆಗಿದೆ. ಹೊಸ ಲೇಖಕರನ್ನು ಹುಡುಕುವ, ಅನುವಾದಕ್ಕೆ ಹಣ ಹಾಕುವ, ಸೋಲುವ ಸಾಧ್ಯತೆಯನ್ನು ಹೊರುವ ಕೆಲಸ ಸಣ್ಣವರದು. ಪ್ರಶಸ್ತಿ ಬಂದು ಹೆಸರಾದ ಮೇಲೆ ಮುಂದಿನ ಪುಸ್ತಕಕ್ಕೆ ಸಣ್ಣವರ ಕೈಗೆಟುಕದ ಮುಂಗಡ ಕೊಡಲು ದೊಡ್ಡವರಿಗೆ ಸಾಧ್ಯ. ಬಡತನದಲ್ಲಿ ಬರೆಯುತ್ತ ಬಂದ ಲೇಖಕರು ಅದನ್ನು ಒಪ್ಪಿಕೊಂಡರೆ ತಪ್ಪು ಹೇಳಲಾಗದು.

ಸಣ್ಣವರ ಸ್ವಾತಂತ್ರ್ಯಕ್ಕೂ ಒಂದು ಗಡಿ ಇದೆ. ಪುಸ್ತಕ ಮುದ್ರಿಸಿದರಾಗಲಿಲ್ಲ, ಅದನ್ನು ಗೋದಾಮಿನಲ್ಲಿಟ್ಟು, ದೇಶದ ಅಂಗಡಿಗಳಿಗೆ ಕಳುಹಿಸಿ, ಮಾರಾಟವಾಗದೆ ವಾಪಸಾದದ್ದನ್ನು ಹಿಂದಕ್ಕೆ ಪಡೆದು, ಹಣ ವಸೂಲು ಮಾಡುವ ವಿತರಕರು ಬೇಕು. ಪೆಂಗ್ವಿನ್ ರ‍್ಯಾಂಡಮ್ ಹೌಸ್, ಸೈಮನ್ ಅಂಡ್ ಶುಸ್ಟರ್ ಎರಡೂ ಬೇರೆ ಪ್ರಕಾಶಕರಿಗಾಗಿ ಈ ಸೇವೆ ನಡೆಸುತ್ತವೆ. ಸಣ್ಣ ಸಾಹಿತ್ಯ ಪ್ರಕಾಶನಗಳ ಪುಸ್ತಕ ಹಂಚುವ ಕನ್ಸಾರ್ಷಿಯಮ್ 2016ರಲ್ಲಿ ಸಗಟು ವ್ಯಾಪಾರದ ದೊಡ್ಡ ಸಂಸ್ಥೆ ಇಂಗ್ರಾಮ್ ಪಾಲಾಯಿತು. ಅದಕ್ಕೂ ಸಣ್ಣವರಾದ ನೂರಾರು ಪ್ರಕಾಶಕರಿಗೆ 1969ರಿಂದ ಆಧಾರವಾಗಿದ್ದ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸ್ಮಾಲ್ ಪ್ರೆಸ್ ಡಿಸ್ಟ್ರಿಬ್ಯೂಷನ್ 2024ರ ಮಾರ್ಚ್‌ನಲ್ಲಿ ಏಕಾಏಕಿ ಮುಚ್ಚಿತು. ಬರಬೇಕಾದ ಹಣಕ್ಕೂ ಪುಸ್ತಕಗಳ ದಾಸ್ತಾನಿಗೂ ಪ್ರಕಾಶಕರು ಪರದಾಡಬೇಕಾಯಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ನಿಧಿ ಹಲವು ಸಾಹಿತ್ಯ ಪ್ರಕಾಶನಗಳಿಗೆ ಮಂಜೂರಾಗಿದ್ದ ಅನುದಾನವನ್ನು ರದ್ದುಪಡಿಸಿತು. ಖರೀದಿ ಸಭೆಯ ಹಾಳೆಯಿಂದ ತಪ್ಪಿಸಿಕೊಂಡು ಬಂದ ಕಾದಂಬರಿಗಳು ಈಗ ಈ ಸಂಸ್ಥೆಗಳ ಉಳಿವನ್ನೇ ಅವಲಂಬಿಸಿವೆ.